ನಾಲ್ಕನೆಯ ಜಾಗ

ತನ್ನ ಕೈಗುಣವನ್ನು ಗಂಗಾ ಕದ್ದಿದ್ದಾಳೆ ಎಂಬ ಅನುಮಾನವನ್ನು ಮೀನಾ ಡೈರಿಯಲ್ಲಿ ಕೂಡ ಬರೆದಿರಲಿಲ್ಲ. ಓದುವವರು ಯಾರೂ ಇಲ್ಲ, ಆದರೂ ನಾಚಿಕೆ. ಬಿ.ಎ. ಕೊನೆಯ ವರ್ಷದ ಹುಡುಗಿ ಇಂಥದ್ದನ್ನು ನಂಬುತ್ತಾಳೆಯೇ? ಆದರೆ ಬೇರೆ ಏನು ಹೇಳುವುದು? ಆಯ್ಕೆಯ ದಿನ ಅವಳ ಗುಂಡುಗಳು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಒತ್ತಾಗಿ ಬಿದ್ದಿದ್ದವು. ಆಮೇಲೆ ಒಮ್ಮೆಯೂ ಹಾಗೆ ಬೀಳಲಿಲ್ಲ.

ಗಂಗಾಳ ಗುಂಡುಗಳು ಬೀಳುತ್ತಿದ್ದವು. ದಿನಾಲೂ.

ತೊಂಬತ್ತೆಂಟರ ಚಳಿಗಾಲ. ಬೈಲಹೊಂಗಲದ ಕಾಲೇಜಿನ ಎನ್.ಸಿ.ಸಿ. ಹುಡುಗಿಯರು ಕಿತ್ತೂರಿನ ಪಂದ್ಯಕ್ಕೆ ಸಜ್ಜಾಗುತ್ತಿದ್ದರು. ನಾಲ್ವರ ತಂಡ. ಕಂದಕ ಜಿಗಿಯಬೇಕು, ಹಗ್ಗ ಹತ್ತಬೇಕು, ಆಳೆತ್ತರದ ಗೋಡೆ ದಾಟಬೇಕು. ಏದುಸಿರು ಇಳಿಯುವ ಮೊದಲೇ ನೆಲಕ್ಕೊರಗಿ ತಂತಮ್ಮ ಗುರಿಗೆ ಐದೈದು ಗುಂಡು ಹೊಡೆಯಬೇಕು. ಮೂವರ ಹೆಸರು ಗಟ್ಟಿಯಾಗಿತ್ತು. ನಾಲ್ಕನೆಯ ಜಾಗಕ್ಕಾಗಿ ಆಯ್ಕೆಯ ದಿನ ನೇಸರಗಿಯ ಮೀನಾ, ಮುರಗೋಡದ ಗಂಗಾ ಜೋಡಿಯಾಗಿ ಓಡಿದ್ದರು.

ಗೋಡೆಗೆ ಒಂದು ಪದ್ಧತಿ ಇತ್ತು. ಕೆಳಗಿನವಳು ಹೆಗಲು ಕೊಡಬೇಕು; ಮೇಲೇರಿದವಳು ಕೈ ಚಾಚಿ ಅವಳನ್ನು ಎಳೆದುಕೊಳ್ಳಬೇಕು. ಗಂಗಾ ಹೆಗಲು ಕೊಟ್ಟಳು. ಮೀನಾ ಕೈ ಚಾಚಲಿಲ್ಲ. ಆಚೆ ಹಾರಿ ಓಡಿಬಿಟ್ಟಳು. ಅದೇ ಹೊತ್ತಿಗೆ ತಂಡದ ಯಶೋಧಾ ಹಗ್ಗದಿಂದ ಬಿದ್ದಿದ್ದರಿಂದ ಕವಾಯತು ಕಲಿಸುವ ಉಸ್ತಾದ ಅಮೋಘಸಿದ್ದಪ್ಪನವರು ಅತ್ತ ಧಾವಿಸಿದ್ದರು, ನೋಡಿದವರಿಲ್ಲ. ಗಂಗಾ ಮೊಣಕೈ ತರಚಿಕೊಂಡು ಒಬ್ಬಳೇ ಹತ್ತಿ ಬಂದು ಪಕ್ಕದಲ್ಲಿ ಒರಗುವಷ್ಟರಲ್ಲಿ ಮೀನಾಳ ಗುಂಡುಗಳು ಹಾರುತ್ತಿದ್ದವು, ಎದುರಿನ ಮಣ್ಣಿನ ದಿಬ್ಬದಿಂದ ಧೂಳು ಏಳುತ್ತಿತ್ತು.

ಬಲಗಡೆಯ ಗುರಿ ಮೀನಾಳದು: ಒಂದೇ ಕಡೆ ಐದು ತೂತು. ಎಡಗಡೆಯದು ಗಂಗಾಳದು: ಶೇಂಗಾ ಚೆಲ್ಲಿದ ಹಾಗೆ.

ಉಸ್ತಾದರು ಎರಡನ್ನೂ ಎತ್ತಿ ಹಿಡಿದರು. ಹುಡುಗಿಯರು ಮೀನಾಳನ್ನು ಹೊತ್ತು ಕುಣಿದರು. ಗಂಗಾ ಅವಳನ್ನೇ ನೋಡುತ್ತ ನಿಂತಿದ್ದಳು. ಆ ನೋಟ ಮೀನಾಳ ಬೆನ್ನಿಗೆ ಅಂಟಿಕೊಂಡಿತು.

ಮರುವಾರ ಗೋಡೆ ಬಿರುಕು ಬಿಟ್ಟಿತು. ಗೌಂಡಿ ಅದನ್ನು ಕಟ್ಟಿ ಮುಗಿಸುವವರೆಗೆ ಓಟವಿಲ್ಲದೆ ಬರೀ ಗುಂಡಿನ ಅಭ್ಯಾಸ; ಬದಲಿಯಾಗಿ ಗಂಗಾಳೂ ಬರುತ್ತಿದ್ದಳು. ಮೀನಾ ನಿಧಾನವಾಗಿ ಮಲಗಿ, ಉಸಿರು ಹಿಡಿದು, ತನ್ನ ಗುರಿಯನ್ನೇ ದಿಟ್ಟಿಸಿ ಹೊಡೆದರೂ ಗುಂಡು ದಿಕ್ಕಿಗೊಂದು.

"ಏ ಮೀನಾ, ದಿಬ್ಬದಾಗಿನ ಇಲಿ ನಿನಗ ಏನ್ ಮಾಡ್ಯಾವ?" ಎಂದಳು ಯಶೋಧಾ. "ಪಾಪ, ಮನಿ ಬಿಟ್ಟು ಹೊಂಟಾವು!"

ಎಲ್ಲರೂ ನಕ್ಕರು. ಗಂಗಾ ನಗಲಿಲ್ಲ. ಅದಕ್ಕೆ ಮೀನಾಳಿಗೆ ಇನ್ನೂ ಉರಿಯಿತು. ಗಂಗಾಳ ಉಸಿರು ಎಷ್ಟು ಬೇಗ ತಣ್ಣಗಾಗುತ್ತದೆ, ಬಂದೂಕು ಅವಳ ಕೆನ್ನೆಗೆ ಹೇಗೆ ಒಗ್ಗಿಕೊಳ್ಳುತ್ತದೆ, ಉಸ್ತಾದರು ಅವಳ ಹಿಂದೆಯೇ ಯಾಕೆ ಅಷ್ಟು ಹೊತ್ತು ನಿಲ್ಲುತ್ತಾರೆ! ಮುರಗೋಡದ ಬಸ್ಸು ಒಂದು ದಿನವಾದರೂ ಕೆಡಬಾರದೆ ಎಂದು ಮೀನಾ ಹಾರೈಸುತ್ತಿದ್ದಳು. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಮನೆಯಲ್ಲಿ ತಾಯಿ ಸುಂದರವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

"ಘಾಟ ಬರವಲ್ದು ನೋಡು. ದೊಡ್ಡ ದೃಷ್ಟಿನ ಆಗೇತಿ. ಯಾರ ಕಣ್ಣವಾ ಅದು?"

 ಗಂಗಾಳ ಕಣ್ಣು ಮೀನಾಳ ಎದುರಿಗೆ ಬಂದು ನಿಂತಿತು.

ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಗಂಗಾ ತಾನಾಗಿ ಹತ್ತಿರ ಬಂದಳು. ಮಿರ್ಚಿ ಬಜಿಯ ಪೊಟ್ಟಣ ಮುಂದೆ ಹಿಡಿದಳು. ಮೀನಾ ಮುಟ್ಟಲಿಲ್ಲ.

"ನಿದ್ದಿ ಬರ್ತೈತೇನ ನಿನಗ?"

"ಯಾಕ ಬರಬಾರದು?"

"ಸುಮ್ಮ ಕೇಳಿದೆ. ಉಸ್ತಾದರ ಮುಂದ ಏನರ ಹೇಳೂದಿದ್ರ ಹೇಳಿಬಿಡು, ಮೀನಾ. ನಾ ಏನೂ ಅನ್ನಂಗಿಲ್ಲ."

ಎಂಥ ಜಾಣೆ! ಕೈಲಾಗಲ್ಲ ಅಂತ ತಾನೇ ಹೇಳಿ ಜಾಗ ಬಿಡಲಿ ಎಂದು ಮಿರ್ಚಿ ತಿನ್ನಿಸಲು ಬಂದಿದ್ದಾಳೆ.

"ಜಾಗಾ ಬಿಡಂಗಿಲ್ಲ ನಾನು. ಎಷ್ಟು ಕಾದ್ರೂ ಅಷ್ಟ."

"ಆತು ಬಿಡು," ಎಂದಳು ಗಂಗಾ. "ಕಾದದ್ದ ತಪ್ಪಾತು."

ಕಿತ್ತೂರಿಗೆ ಹೊರಡುವ ಹಿಂದಿನ ದಿನ ಬೆಳಗ್ಗೆ ಗೋಡೆ ಸಿದ್ಧವಾಯಿತು. ಉಸ್ತಾದರು ಇಬ್ಬರನ್ನೂ ಕರೆದರು.

"ಇಬ್ರೂ ಮತ್ತೊಂದ ಸರೆ ಓಡ್ರಿ. ಯಾರ ಕೈ ಛಲೋ ಐತಿ, ಅವರ ನಾಳೆ ಗಾಡಿ ಹತ್ತೂದು. ಆಮ್ಯಾಲ ನನ್ನ ಬೈಬ್ಯಾಡ್ರಿ."

 ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿರುವ ಮೀನಾಳ ಸೋದರಮಾವ ಆಗಲೇ ಊರೆಲ್ಲ ಸಾರಿಬಿಟ್ಟಿದ್ದ. ಪಂದ್ಯ ನೋಡಲು ಬಳಗವೇ ಬರುವುದಿತ್ತು.

ಸೀಟಿ ಕೂಗಿತು. ಕಂದಕ. ಹಗ್ಗ. ಗೋಡೆ. ಗಂಗಾ ಮಾತಿಲ್ಲದೆ ಬಾಗಿ ಹೆಗಲು ಕೊಟ್ಟಳು. ಮೀನಾ ಹತ್ತಿದಳು. ಕೆಳಗೆ ಚಾಚಿದ ಕೈ ಕಂಡಿತು. ಬಂದೂಕಿಗೆ ಗುಂಡು ತುಂಬುತ್ತಿದ್ದ ಉಸ್ತಾದರ ಮುಖ ಅತ್ತ ಇತ್ತು; ಕಾಣದವಳಂತೆ ಆಚೆ ಹಾರಿದಳು.

ಬೆವರು ಕಣ್ಣಿಗಿಳಿಯುತ್ತಿತ್ತು. ಎದೆ ನೆಲವನ್ನು ಗುದ್ದುತ್ತಿತ್ತು. ಮಬ್ಬುಮಬ್ಬಾಗಿ ಕಂಡ ಕಪ್ಪು ವೃತ್ತಕ್ಕೆ ಮೀನಾ ಬೇಗಬೇಗ ಹೊಡೆದಳು. ಪಕ್ಕದಲ್ಲಿ ಗಂಗಾ ಬಂದು ಒರಗಿದ ಸದ್ದಾಯಿತು. ಗುಂಡಿನ ಸದ್ದು ಮಾತ್ರ ಬರಲಿಲ್ಲ.

ಮೀನಾಳ ಐದೂ ಮುಗಿದವು. ಗಂಗಾ ಬಂದೂಕು ಬದಿಗಿಟ್ಟು ಸುಮ್ಮನೆ ಮಲಗಿದ್ದಳು. ಸೋತಳು! ಮೀನಾಳಿಗೆ ಕೂಗಬೇಕೆನ್ನಿಸಿತು.

"ಗಂಗಾ, ನಿದ್ದಿ ಮಾಡಾಕ ಬಂದೀಯೇನ?" ಬೆನ್ನ ಹಿಂದೆ ಉಸ್ತಾದರು ಗುಡುಗಿದರು. "ಹೊಡಿ!"

"ನನ್ನ ಗುರಿಗಿ ಮೀನಾ ಹೊಡದಾಳ್ರಿ. ಈ ಸರೆ ಆಕೀದಕ್ಕ ನಾ ಹೊಡ್ಯಂಗಿಲ್ಲ."

ಉಸ್ತಾದರು ನಡೆದುಹೋಗಿ ಎರಡೂ ಹಾಳೆ ಕಿತ್ತು ತಂದರು. ಎಡಗಡೆಯದರಲ್ಲಿ ಅಲ್ಲಲ್ಲಿ ಐದು ತೂತು. ಬಲಗಡೆಯದು, ಮೀನಾಳದು, ಹೊಸ ಹಾಳೆಯಂತೆ ಸ್ವಚ್ಛ.

"ಈ ಸರೆ ಅಂದ್ರ?" ಎಂದು ಉಸ್ತಾದರು ನಿಧಾನವಾಗಿ ಕೇಳಿದರು. "ಹಿಂದಿನ ಸರೆ ಏನಾಗಿತ್ತು?"

 ಗಂಗಾ ಮೀನಾಳನ್ನು ನೋಡಿದಳು. ಅಂದಿನದೇ ನೋಟ. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಎಂದೂ ಇರಲಿಲ್ಲ. ಮೀನಾ ಎದ್ದು ನಿಂತಳು. ಉಸ್ತಾದರ ಕೈಯಲ್ಲಿನ ಸ್ವಚ್ಛ ಹಾಳೆಯನ್ನು ಮುಟ್ಟಿದಳು. 

"ಆಯ್ಕಿ ದಿವಸ ನನ್ನ ಗುರಿ ಮ್ಯಾಲೆ ಬಿದ್ದ ಐದೂ ಗುಂಡು ಗಂಗಾನವು, ಉಸ್ತಾದ್ರಿ."