ಐದು ವಾರದ ನೀರು

ಸುನಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಮೀನು ಸಾಕಲೆಂದು ಇಟ್ಟಿದ್ದ ಗಾಜಿನ ತೊಟ್ಟಿಯ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಬೆಟಗೇರಿಯ ಸಂಜೆ ಬಿಸಿಲು ಅದರೊಳಗೆ ಇಳಿದು, ಹಸಿರು ಗಿಡಗಳು ಗಾಳಿಯಲ್ಲೇ ತೇಲಿದಂತೆ ಓಲಾಡುತ್ತಿದ್ದವು.

"ಅತ್ತಿ, ಇದರ ನೀರು ಚೆಲ್ಲಿದ್ರೇನ್ರಿ?"

"ಹೂಂ. ಹತ್ತು ದಿನದ ಮ್ಯಾಲ ನಳ ಬಂದಿತ್ತಲ್ಲ. ಕೊಡ, ಬ್ಯಾರಲ್ ಎಲ್ಲಾ ತಿಕ್ಕಿ ತುಂಬೀನಿ. ಇದನ್ನೂ ತಿಕ್ಕೀನಿ," ಎಂದರು ಕಸ್ತೂರೆವ್ವ.

ಮೀನಿನ ಹೊಲಸನ್ನು ಅರಗಿಸುವ, ಕಣ್ಣಿಗೆ ಕಾಣದ ಜೀವಗಳು ಮೊದಲು ಬೆಳೆಯಲೆಂದು ಸುನಿತಾ ಐದು ವಾರ ಒಂದು ಮೀನನ್ನೂ ಬಿಡದೆ ಕಾದಿದ್ದಳು. ಅವು ಮನೆ ಮಾಡುವುದು ಫಿಲ್ಟರಿನ ಸ್ಪಂಜಿನಲ್ಲಿ ಎಂದು ಅತ್ತೆಗೂ ಹೇಳಿದ್ದಳು. ದಿನಾ ಸಂಜೆ ಇಬ್ಬರೂ ಆ ಬರಿಯ ನೀರನ್ನೇ ನೋಡುತ್ತ ಕೂರುತ್ತಿದ್ದರು. ನಾಳೆ ಮೀನು ತರುವುದಿತ್ತು. ಅವಳು ಫಿಲ್ಟರ್ ಬಿಚ್ಚಿದಳು. ಒಳಗೆ ಖಾಲಿ.

"ಸ್ಪಂಜು ಎಲ್ಲೈತ್ರಿ?" ಅವಳ ದನಿ ಸಣ್ಣಗಾಗಿತ್ತು.

ಕಸ್ತೂರೆವ್ವ ಅಡುಗೆಮನೆಯಿಂದ ಒಂದು ಪಾತೇಲಿ ತಂದು ಮುಚ್ಚಳ ತೆಗೆದರು. ತೊಟ್ಟಿಯ ಹಳೆಯ ನೀರಿನಲ್ಲಿ ಕಂದು ಸ್ಪಂಜು ತೊಳೆಯದೆ ಹಾಗೇ ಮುಳುಗಿತ್ತು.

"ಮೊಸರಿನ ಗಡಗಿ ತೊಳಿಯೂ ಮುಂದ ಹೆಪ್ಪಿಗೆ ಒಂದ್ ಚಮಚ ತಗದಿಡೂದಿಲ್ಲೇನು?" ಎಂದರು.