ಟ್ಯಾಂಕಿನೊಳಗೆ ಎರಡು ಕಂಬ

ಟ್ಯಾಂಕಿಗೆ ಹೊರಗಿನಿಂದ ಸುತ್ತಿದ ಎರಡು ಸಂವೇದಕ ಪಟ್ಟಿಗಳು, ಒಂದು ವಿದ್ಯುತ್ತಿನಿಂದ, ಇನ್ನೊಂದು ಧ್ವನಿಯಿಂದ, ಒಳಗಿನದನ್ನು ನೋಡಿ ಒಂದೇ ಚಿತ್ರ ಕೊಟ್ಟರೆ ಬೆಲ್ಲದ ಪಾಕ ಅಚ್ಚಿಗೆ ಇಳಿಯುತ್ತದೆ. ಇಲ್ಲವಾದರೆ ಚರಂಡಿಗೆ ಹೋಗುತ್ತದೆ. ಮುಧೋಳದ ಆ ಬೆಲ್ಲದ ಕಾರ್ಖಾನೆಯಲ್ಲಿ ಮುಚ್ಚಳ ತೆಗೆಯುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ.

ಪೂಜೆಯ ಮರುದಿನ ಪಟ್ಟಿಗಳು ಜಗಳಕ್ಕೆ ನಿಂತವು.

“ಒಳಗ ಎರಡು ಕಂಬ ನಿಂತಾವ್ರಿ,” ಎಂದಿತು ವಿದ್ಯುತ್ ಪಟ್ಟಿ.

“ನಿನ್ನ ಕಣ್ಣಿಗೇನಾಗೇತಿ? ತಳದಾಗ ಒಂದು ಬಟ್ಟಲ ಐತಿ, ಅಷ್ಟ,” ಎಂದಿತು ಧ್ವನಿ ಪಟ್ಟಿ.

ಪಾಕ ಕಾಯಿಸಿದ ಈರಪ್ಪ ತಲೆಯ ಮೇಲೆ ಕೈಹೊತ್ತು ಕೂತ. ನಿನ್ನೆಯಷ್ಟೇ ಪೂಜೆಯ ತೆಂಗಿನಕಾಯಿಯ ಒಂದು ಹೋಳು ಕಾಣೆಯಾಗಿತ್ತು. ತಿಂದವನು ಅವನೇ ಎಂದು ಇಡೀ ಪಾಳಿ ನಂಬಿತ್ತು. ಈಗ ಪಾಕವೂ ಹೋಗುವುದರಲ್ಲಿತ್ತು.

ಮೇಲ್ವಿಚಾರಕಿ ನೀಲವ್ವ ಟ್ಯಾಂಕನ್ನು ಒಂದು ಸುತ್ತು ಹಾಕಿದಳು.

“ಈರಪ್ಪ, ಈ ವಿದ್ಯುತ್ ಪಟ್ಟಿಗೆ ಬಾಳೆಕಂಬ ಕಟ್ಟಿದವ್ರು ಯಾರೋ?”

“ನಾನ ರೀ, ಅಕ್ಕಾರ. ಅದಕ್ಕೂ ಪೂಜಿ ಬ್ಯಾಡೇನ್ರಿ?”

“ಬಾಳೆಕಂಬ ಅಂದ್ರ ಬರೇ ನೀರು. ಈ ಪಟ್ಟಿ ನೀರನ್ನ ಹಿಡಿದು ನೋಡತೈತಿ, ಹೊರಗಿನ ಕಂಬಾನ ಒಳಗ ಐತಿ ಅಂತ ತಿಳ್ಕೊಂಡೈತಿ. ಬಿಚ್ಚು ಮೊದಲ!”

ಈರಪ್ಪ ಬಿಚ್ಚಿದ. ವಿದ್ಯುತ್ ಪಟ್ಟಿ ಮತ್ತೊಮ್ಮೆ ಒಳಗೆ ನೋಡಿತು.

“ಹೌದ್ರಿ, ಬಟ್ಟಲನ. ಹೊರಗ ಒಣ, ಒಳಗ ಹಸಿ.”

“ಮೂರು ಕಣ್ಣೂ ಅದಾವ್ರಿ,” ಎಂದು ಧ್ವನಿ ಪಟ್ಟಿ ಸೇರಿಸಿತು.

ಎರಡೂ ಚಿತ್ರ ಕೂಡಿದಾಗ ಪರದೆಯ ಮೇಲೆ ತೆಂಗಿನಕಾಯಿಯ ಹೋಳು ಮೂಡಿತು. ಪಟ್ಟಿಗಳು ಒಪ್ಪಿದ್ದರಿಂದ ಪಾಕ ಜಾಲರಿ ದಾಟಿ ಅಚ್ಚಿಗೆ ಇಳಿಯಿತು. ಹೋಳು ಜಾಲರಿಯಲ್ಲಿ ಉಳಿಯಿತು.

“ನಾ ತಿಂದಿಲ್ಲಂತ ಹೇಳಿದ್ನೋ ಇಲ್ಲೋ?” ಈರಪ್ಪ ಪಾಳಿಯವರತ್ತ ತಿರುಗಿ ಎದೆ ಉಬ್ಬಿಸಿದ.

ನೀಲವ್ವ ಪಾಕ ತೊಟ್ಟಿಕ್ಕುತ್ತಿದ್ದ ಹೋಳನ್ನು ಅವನ ಕೈಗಿಟ್ಟಳು.

“ತಗೋ, ಈಗ ತಿನ್ನು. ನಿನ್ನೆ ತಿಂದಿದ್ರ ಇಷ್ಟು ರುಚಿ ಇರ್ತಿರಲಿಲ್ಲ.”