ಬಾಯಿಬಡುಕ ಲೈಬ್ರರಿ

ಕೊಳ್ಳಲು ಬಂದ ಕಾರ್ಖಾನೆ ಯಜಮಾನರ ಕಣ್ಣೆದುರೇ ತೂಕದ ಯಂತ್ರದ ಪ್ರೋಗ್ರಾಂ ಆಮೆಯೂ ನಾಚುವಷ್ಟು ನಿಧಾನವಾಗಿ ತೆವಳಿತು. ಪರದೆಯ ತುಂಬ ಅಕ್ಷರಗಳು ಇರುವೆ ಸಾಲಿನಂತೆ ಹರಿದವು. ಅದನ್ನು ಹೆಂಡತಿಯೊಡನೆ ಸೇರಿ ಬರೆದು, ಮೂರು ಲೋಕದಲ್ಲೂ ತನ್ನಂಥ ಜಾಣನಿಲ್ಲವೆಂದು ಮೆರೆಯುತ್ತಿದ್ದ ಗಂಡನ ಮುಖ ಸುಟ್ಟ ಬದನೆಕಾಯಿಯಾಯಿತು.

ಹೆಂಡತಿಗೆ ಒಂದೇ ನೋಟಕ್ಕೆ ತಿಳಿಯಿತು. ಪ್ರೋಗ್ರಾಂ ಬಳಸಿಕೊಳ್ಳುವ ಸಿದ್ಧ ಕೋಡಿನ ಕಂತೆಗೆ, ಅಂದರೆ ಅವರ ಲೈಬ್ರರಿಗೆ, ಎರಡು ರೂಪ: ತಪ್ಪು ಹುಡುಕಲೆಂದು ಗಂಡ ಬರೆದಿಟ್ಟ ಸಾಲುಗಳಲ್ಲಿ ಹೆಜ್ಜೆಹೆಜ್ಜೆಗೂ ವರದಿ ಒಪ್ಪಿಸುವ ಡೀಬಗ್, ಗಿರಾಕಿಗೆಂದು ತುಟಿಬಿಚ್ಚದೆ ಓಡುವ ರಿಲೀಸ್. "ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಫೋಲ್ಡರಿಗೆ ತುಂಬಬೇಡಿ, ಒಂದರ ಬದಲು ಇನ್ನೊಂದು ಹೋಗತ್ತೆ" ಎಂದು ಅವಳು ಬೆಳಗ್ಗೆಯೇ ಗಂಟಲು ಹರಿದುಕೊಂಡಿದ್ದಳು. "ನಂಗೇ ಪಾಠಾನಾ?" ಎಂದು ಅವನು ಹಾರಾಡಿದ್ದ. ಈಗ ಗಿರಾಕಿಯ ಮುಂದೆ ರಿಲೀಸ್ ಬದಲು ಡೀಬಗ್ ಓಡುತ್ತಿತ್ತು.

"ಇದೇನಮ್ಮಾ ಬರ್ದಿರೋದು?" ಯಜಮಾನರು ಕನ್ನಡಕ ಏರಿಸಿ ಓದಿದರು. "'ತೂಕ ಸರಿಬಂತು, ಅವಳು ಹೇಳಿದ ಹಾಗೇ ಮಾಡಿದೆ. ಲೆಕ್ಕ ಕೂಡಿತು, ಈ ಸಲವೂ ಅವಳೇ ಗೆದ್ದಳು. ಬಾಯಿಬಿಟ್ಟು ಹೇಳಿದರೆ ತಲೆ ಮೇಲೆ ಕೂರುತ್ತಾಳೆ, ನನ್ನ ಚಿನ್ನ.'"

ಗಂಡ ಮೇಜಿನಡಿ ನುಗ್ಗಿ, ಇಲ್ಲದ ತಂತಿಯೊಂದನ್ನು ಹುಡುಕತೊಡಗಿದ. "ಲೇ, ರಿಲೀಸ್ ಹಾಕೇ! ನಿನ್ನ ಕಾಲಿಗೆ ಬೀಳ್ತೀನಿ, ಬಂದ ಗಿರಾಕಿ ಓಡಿಹೋಗ್ತಾರೆ!" ಯಜಮಾನರು ಓಡುವ ಬದಲು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಅವಳು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹಾಕ್ತೀನಿ ತಡೀರಿ," ಎಂದಳು. "ಯಜಮಾನ್ರೇ, ಮುಂದಿಂದೂ ಓದಿ. ಸ್ವಲ್ಪ ಜೋರಾಗಿ."